ಗಾಳಿಯಲ್ಲಿ ತೇಲುವ ಹುಡಿಯೂ ಒಕ್ಕಲಿಗನ ಬೆಳೆಯೂ

(ಬರೆದವರು: ಒಕ್ಕಲುತನದ ಇನ್‌ಸ್ಪೆಕ್ಟರರು, ಎಲ್. ಎಜಿ., ಬಾಗಲಕೋಟೆ)

ನಮ್ಮ ಬಾಗಲಕೋಟೆ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ನಡುಮನೆಗೆ ಬೆಳಕು ಬರುವುದು ಬೆಳಕಿಂಡಿಯಿಂದ. ಮುಂಜಾನೆಯ ಎಳೆಬಿಸಿಲು ಆ ಕಿಂಡಿಯಿಂದ ಓರೆಯಾಗಿ ಇಳಿದು ಕಂಬದಂತೆ ನಿಂತಾಗ ಅದರೊಳಗೆ ಲೆಕ್ಕವಿಲ್ಲದಷ್ಟು ಕಣಗಳು ಏಳುತ್ತ, ಇಳಿಯುತ್ತ, ಹೊರಳಾಡುತ್ತ ಇರುವುದನ್ನು ಕಾಣದ ಮಗುವಿಲ್ಲ. ಬೆಳಕಿನ ಕಂಬದ ಹೊರಗೆ ಕೈಚಾಚಿ ನೋಡಿದರೆ ಗಾಳಿಯು ಶುಭ್ರವಾಗಿರುವಂತೆ ತೋರುವುದು. ಆದರೆ ಕಣಗಳು ಅಲ್ಲಿಯೂ ಅಷ್ಟೇ ಇವೆ. ಅವನ್ನು ತೋರಿಸತಕ್ಕ ಬೆಳಕು ಮಾತ್ರ ಅಲ್ಲಿಲ್ಲ. ನಮ್ಮ ಪೂರ್ವಿಕರು ಈ ಕಣವನ್ನು ‘ತ್ರಸರೇಣು’ವೆಂದು ಕರೆದು, ಮನುಸ್ಮೃತಿಯ ಕಾಲದಲ್ಲಿಯೇ ಅದನ್ನು ತೂಕದ ಅಳತೆಗಳಲ್ಲಿ ಎಲ್ಲಕ್ಕಿಂತ ಕಿರಿದಾದದ್ದೆಂದು ಎಣಿಸಿದ್ದರು. ಇಂದಿನ ಶಾಸ್ತ್ರವಾದರೋ ಈ ತ್ರಸರೇಣುವಿಗಿಂತಲೂ ಸಾವಿರ ಪಾಲು ಕಿರಿದಾದ ಕಣಗಳನ್ನು ಅಳೆಯುತ್ತಿದೆ. ಅವು ಯಾವುವು, ಯಾವ ದ್ರವ್ಯಗಳಿಂದ ಆದವು, ಬೆಳಕನ್ನು ಹೇಗೆ ಚದರಿಸುವವು, ಮತ್ತು ಒಕ್ಕಲಿಗನಿಗೆ ಅವುಗಳಿಂದ ಆಗುವ ಲಾಭನಷ್ಟಗಳೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಈ ವಿಷಯವನ್ನು ಬರೆಯಲು ನನ್ನನ್ನು ಪ್ರೇರಿಸಿದ್ದು ಒಂದು ತಕರಾರು. ಹುನಗುಂದ ಮತ್ತು ಇಲಕಲ್ಲಗಳ ನಡುವಿನ ಒಂದು ಹಳ್ಳಿಯಲ್ಲಿ ವೃದ್ಧರಾದ ಒಕ್ಕಲಿಗರೊಬ್ಬರು ಸಾಲ ತೆಗೆದು ಎರಡು ಎಕರೆ ದಾಳಿಂಬೆ ಹಚ್ಚಿದ್ದರು. ಅವರ ತೋಟದ ಸಮೀಪದಲ್ಲಿ ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರು ಒಂದಿತ್ತು. ಮೂರನೆಯ ವರ್ಷ ಗಿಡಗಳ ಎಲೆಗಳೆಲ್ಲ ಬೂದುಬಣ್ಣಕ್ಕೆ ತಿರುಗಿ, ಹೂವು ಕಡಿಮೆಯಾಗಿ, ನುಸಿಯ ಕಾಟವು ಹೆಚ್ಚಿತು. “ಎಲ್ಲಾ ಆ ಮಿಷನ್ನಿನ ಧೂಳಿಂದರಿ” ಎಂದು ಅವರು ದೂರಿದರು. ಕ್ರಷರಿನವರಾದರೋ, ಧೂಳು ತಮ್ಮದಲ್ಲ, ರಸ್ತೆಯದೂ ಹೊಲದ್ದೂ ಎಂದರು. ಇಬ್ಬರ ಮಾತೂ ನನ್ನ ಮುಂದೆ ಬಂದಿತು. ಎಲೆಯ ಮೇಲಿನ ಹುಡಿಯನ್ನು ಬೆರಳಿಗೆ ಹಚ್ಚಿಕೊಂಡು ತೋರಿಸುತ್ತ ಆ ಹಿರಿಯರು ಹೇಳಿದ ಮಾತು ನನಗೆ ಇಂದಿಗೂ ಮರೆತಿಲ್ಲ: “ಸಾಹೇಬರ, ಕಣ್ಣಿಗೆ ಕಾಣೂ ಧೂಳ ನಾ ಒರಸಿ ಒಗೀತೀನ್ರಿ, ಆದರ ಕಾಣಲಾರದ್ದು ಎಷ್ಟ ಐತೋ ಯಾರಿಗೆ ಗೊತ್ತು?” ಈ ಪ್ರಶ್ನೆಯು ಶಾಸ್ತ್ರಜ್ಞನು ಕೇಳತಕ್ಕ ಪ್ರಶ್ನೆಯೇ ಆಗಿದೆ. ಆ ತಕರಾರು ಏನಾಯಿತೆಂಬುದನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಕಣಗಳ ಸ್ವಭಾವವನ್ನು ತಿಳಿಯುವುದು ಅವಶ್ಯ.

ತೇಲುಕಣಗಳ ಗಾತ್ರ

ಗಾಳಿಯಲ್ಲಿ ತೇಲುತ್ತಿರುವ ಘನ ಅಥವಾ ದ್ರವರೂಪದ ಸೂಕ್ಷ್ಮ ಕಣಗಳಿಗೆ ಶಾಸ್ತ್ರದಲ್ಲಿ ‘ಏರೋಸಾಲ್’ ಎಂದು ಹೆಸರು. ನಾವು ಇಲ್ಲಿ ತೇಲುಕಣಗಳೆಂದು ಕರೆಯೋಣ. ಇವನ್ನು ಅಳೆಯಲು ಮೈಕ್ರೋಮೀಟರು ಎಂಬ ಮಾನವನ್ನು ಬಳಸುವರು. ಅದು ಒಂದು ಮಿಲಿಮೀಟರಿನ ಸಾವಿರದ ಒಂದನೆಯ ಭಾಗ. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು ೫೦ ರಿಂದ ೭೦ ಮೈಕ್ರೋಮೀಟರು. ಸರಕಾರದ ಮಾನದಂಡಗಳಲ್ಲಿ ೧೦ ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳನ್ನೂ ೨.೫ ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳನ್ನೂ ಬೇರೆಬೇರೆಯಾಗಿ ಗಣಿಸಲಾಗುತ್ತದೆ. ೨೦೦೯ ರಲ್ಲಿ ಭಾರತ ಸರಕಾರವು ಗೊತ್ತುಮಾಡಿದ ಪ್ರಕಾರ, ಇಪ್ಪತ್ತುನಾಲ್ಕು ತಾಸುಗಳ ಸರಾಸರಿಯಲ್ಲಿ ಒಂದು ಘನ ಮೀಟರು ಗಾಳಿಯೊಳಗೆ ಮೊದಲನೆಯವು ೧೦೦ ಮೈಕ್ರೋಗ್ರಾಮನ್ನೂ ಎರಡನೆಯವು ೬೦ ಮೈಕ್ರೋಗ್ರಾಮನ್ನೂ ಮೀರತಕ್ಕದ್ದಲ್ಲ.

ಗಾತ್ರಕ್ಕೆ ಇಷ್ಟು ಮಹತ್ವವೇಕೆಂಬುದನ್ನು ಒಕ್ಕಲಿಗನಿಗೆ ಬೇರೆ ಯಾರೂ ಕಲಿಸಬೇಕಾದದ್ದಿಲ್ಲ. ಕಣದಲ್ಲಿ ಜೋಳದ ರಾಶಿ ತೂರುವಾಗ ಕಾಳು ಕಾಲ ಬುಡದಲ್ಲಿ ಬೀಳುವುದು, ಹೊಟ್ಟು ನಾಲ್ಕು ಮಾರು ದೂರ ಹೋಗುವುದು, ಹುಡಿಯು ಊರ ಕಡೆಗೆ ಹಾರಿಹೋಗುವುದು. ತೇಲುಕಣಗಳ ಕಥೆಯೂ ಇದೇ. ಹತ್ತು ಮೀಟರು ಎತ್ತರದಿಂದ ಕಲ್ಲಿನ ಪುಡಿಯು ಬಿಡುಗಡೆಯಾಯಿತೆಂದು ಎಣಿಸಿರಿ. ನೂರು ಮೈಕ್ರೋಮೀಟರಿನ ಕಣವು ಸುಮಾರು ಇಪ್ಪತ್ತು ಸೆಕೆಂಡುಗಳಲ್ಲಿ ನೆಲ ಮುಟ್ಟುವುದು. ಹತ್ತು ಮೈಕ್ರೋಮೀಟರಿನದಕ್ಕೆ ಇಪ್ಪತ್ತು ಮಿನಿಟುಗಳು ಬೇಕು. ಒಂದು ಮೈಕ್ರೋಮೀಟರಿನದಕ್ಕಾದರೋ, ಗಾಳಿಯು ಅಲುಗದೆ ನಿಂತಿದ್ದರೂ, ಒಂದೂವರೆ ದಿವಸ ಹಿಡಿಯುವುದು. ಸೆಕೆಂಡಿಗೆ ಮೂರು ಮೀಟರಿನ ಹಗುರಾದ ಗಾಳಿಯಲ್ಲಿ ಮೊದಲನೆಯ ಕಣವು ಅರವತ್ತು ಮೀಟರಿನೊಳಗೆ ಬೀಳುವುದು. ಎರಡನೆಯದು ಮೂರು ನಾಲ್ಕು ಕಿಲೋಮೀಟರು ಸಾಗುವುದು. ಮೂರನೆಯದು ಜಿಲ್ಲೆಯನ್ನೇ ದಾಟಿ ಹೋಗಿ, ಮಳೆಯು ತೊಳೆಯುವವರೆಗೆ ಆಕಾಶದಲ್ಲಿಯೇ ಇರಬಹುದು.

ನಮ್ಮ ಸೀಮೆಯ ಕಣಗಳಲ್ಲಿರುವ ದ್ರವ್ಯಗಳು

ಬಾಗಲಕೋಟೆ ಜಿಲ್ಲೆಯ ನೆಲವು ನಾನಾ ಬಗೆಯದು. ಅದಕ್ಕನುಸಾರವಾಗಿ ನಮ್ಮ ಗಾಳಿಯ ಧೂಳೂ ನಾನಾ ಬಗೆಯದಾಗಿದೆ.

ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಕ್ರಿ. ಶ. ೫೭೮ ರ ಶಾಸನವಿರುವ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆದದ್ದು ಈ ಕಲ್ಲಿನಲ್ಲಿಯೇ. ಬೆಣಚುಕಲ್ಲಿನ, ಅಂದರೆ ಸಿಲಿಕಾದ, ಹರಳುಗಳನ್ನು ಕಬ್ಬಿಣದ ಆಕ್ಸೈಡು ಬೆಸೆದಿರುವುದರಿಂದ ಕಲ್ಲಿಗೆ ಕೆಂಪು ಬಣ್ಣ ಬಂದಿದೆ. ಈ ಆಕ್ಸೈಡು ನೀಲಿಬೆಳಕನ್ನು ಹೀರಿ ಕೆಂಪನ್ನು ಬಿಡುವುದರಿಂದ ಅಲ್ಲಿಯ ಮಸಾರಿ ಭೂಮಿಯ ಧೂಳೂ ಕೆಂಪಗಿರುವುದು.

ಹುನಗುಂದದ ಎರೆಹೊಲಗಳ ಹುಡಿಯು ಜೇಡಿಯ ಅತಿ ಸಣ್ಣ ಹಾಳೆಗಳಿಂದಲೂ ಸುಣ್ಣದ ಹರಳುಗಳಿಂದಲೂ ಕೂಡಿದ್ದು. ವರ್ಷಕ್ಕೆ ಆರುನೂರು ಮಿಲಿಮೀಟರಿಗೂ ಕಡಿಮೆ ಮಳೆಯ ಈ ಸೀಮೆಯಲ್ಲಿ ಹಿಂಗಾರಿ ಜೋಳ, ಕಡಲೆಗಳ ರಾಶಿ ಮುಗಿದ ಮೇಲೆ ಹೊಲವು ಬರಿದಾಗಿ ಬಿದ್ದಿರುವಾಗ, ಬೇಸಗೆಯ ಸುಳಿಗಾಳಿಯು ಈ ಹುಡಿಯನ್ನು ಎತ್ತಿಕೊಂಡು ಹೋಗುವುದು. ಹೊಲದ ಹುಡಿಯೆಂದರೆ ಅದರ ಅತ್ಯಂತ ಫಲವತ್ತಾದ ಭಾಗವೆಂಬುದನ್ನು ಮರೆಯಬಾರದು.

ಹಿಂದೆ ಹುನಗುಂದ ತಾಲೂಕಿನಲ್ಲಿದ್ದು ಈಗ ತಾನೇ ಒಂದು ತಾಲೂಕಾಗಿರುವ ಇಲಕಲ್ಲವು ಸೀರೆಗೆ ಹೇಗೋ ಹಾಗೆ ಕೆಂಪು ಗ್ರಾನೈಟಿಗೂ ಹೆಸರಾದದ್ದು. ಅದರ ಧೂಳಿನಲ್ಲಿ ಬೆಣಚು, ಕೆಂಪು ಛಾಯೆಯ ಫೆಲ್ಡ್‌ಸ್ಪಾರು, ಅಭ್ರಕಗಳು ಇರುವುವು. ಇದು ಹುಳಿಗೆ ಕರಗದು. ಬಾಗಲಕೋಟೆ, ಲೋಕಾಪುರಗಳ ಕಡೆಯ ಸುಣ್ಣಕಲ್ಲು ಸಿಮೆಂಟಿನ ಕೈಗಾರಿಕೆಗೆ ಆಧಾರ. ಸುಣ್ಣಕಲ್ಲಿನ ಹುಡಿಯು ಸೌಮ್ಯವಾದದ್ದಾದರೂ ಸುಟ್ಟ ಸುಣ್ಣವೂ ಸಿಮೆಂಟೂ ತೀಕ್ಷ್ಣ ಕ್ಷಾರಗಳು.

ಮೇಲಿನವೆಲ್ಲ ಒಡೆದು, ಅರೆದು, ಹಾರಿ ಆಗುವ ದಪ್ಪ ಕಣಗಳು. ಇವಲ್ಲದೆ ಉರಿಯಿಂದಲೂ ಅನಿಲಗಳಿಂದಲೂ ಹುಟ್ಟುವ ಸೂಕ್ಷ್ಮ ಕಣಗಳ ಬೇರೊಂದು ಕುಲವಿದೆ. ಕಬ್ಬಿನ ರವದಿ, ಸೌದೆ, ಕುಳ್ಳುಗಳ ಹೊಗೆಯಲ್ಲಿ ಇಂಗಾಲದ ಸಂಯುಕ್ತಗಳು, ಕಪ್ಪು ಇಂಗಾಲ ಮತ್ತು ಪೊಟ್ಯಾಸಿಯಂ ಲವಣಗಳು ಇರುವುವು. ಗಾಳಿಯನ್ನು ಸೋಸಿದ ಕಾಗದದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿ ಕಂಡರೆ ಅದು ಬೆಳೆಯ ಅಥವಾ ಕಟ್ಟಿಗೆಯ ಹೊಗೆಯೆಂದು ಶಾಸ್ತ್ರಜ್ಞರು ಗುರುತಿಸುವರು. ಕಲ್ಲಿದ್ದಲಿನಿಂದಲೂ ಎಣ್ಣೆಯಿಂದಲೂ ಏಳುವ ಗಂಧಕದ ಅನಿಲವು ಗಾಳಿಯಲ್ಲಿ ಕ್ರಮೇಣ ಗಂಧಕಾಮ್ಲವಾಗಿ, ಅಮೋನಿಯದೊಡನೆ ಕೂಡಿ ಅಮೋನಿಯಂ ಸಲ್ಫೇಟಿನ ಕಣಗಳಾಗುವುದು. ಅಮೋನಿಯವು ಬರುವುದೆಲ್ಲಿಂದ? ಬಹುಮಟ್ಟಿಗೆ ನಮ್ಮ ತಿಪ್ಪೆಗಳಿಂದ, ದನದ ಕೊಟ್ಟಿಗೆಗಳಿಂದ, ಮತ್ತು ನೆಲದ ಮೇಲೆ ಚೆಲ್ಲಿದ ಯೂರಿಯಾದಿಂದ. ಒಕ್ಕಲಿಗನು ಹಣಕೊಟ್ಟು ತಂದ ಸಾರಜನಕವು ಹೀಗೆ ಮಬ್ಬಾಗಿ ಆಕಾಶವನ್ನೇರುವುದು.

ಬೆಳಕು ಚದರುವ ಬಗೆ

ನೀರು ತುಂಬಿದ ಗಾಜಿನ ಲೋಟಕ್ಕೆ ನಾಲ್ಕು ಹನಿ ಹಾಲು ಹಾಕಿ, ಕತ್ತಲೆಯ ಕೋಣೆಯಲ್ಲಿ ಒಂದು ಪಕ್ಕದಿಂದ ಬ್ಯಾಟರಿಯ ಬೆಳಕು ಬಿಡಿರಿ. ಅಡ್ಡಲಾಗಿ ನೋಡಿದರೆ ನೀರು ತುಸು ನೀಲಿಯಾಗಿಯೂ, ಎದುರಿನಿಂದ ನೋಡಿದರೆ ಬೆಳಕು ಕೆಂಪು ಹಳದಿಯಾಗಿಯೂ ಕಾಣುವುದು. ನೀಲಿಯು ಬದಿಗೆ ಚದರಿಹೋದುದರಿಂದ ಉಳಿದ ಬೆಳಕು ಕೆಂಪಾಯಿತು. ಆಕಾಶವು ನೀಲಿಯಾಗಿಯೂ ಮುಳುಗುವ ಸೂರ್ಯನು ಕೆಂಪಾಗಿಯೂ ಕಾಣುವುದು ಇದೇ ಬಗೆಯಿಂದ.

೧೮೬೯ ರಲ್ಲಿ ಟಿಂಡಲ್ ಎಂಬ ವಿದ್ವಾಂಸನು ಸೂಕ್ಷ್ಮ ಕಣಗಳ ಮೋಡವು ನೀಲಿಬೆಳಕನ್ನು ಚದರಿಸುವುದನ್ನು ಪ್ರಯೋಗದಿಂದ ತೋರಿಸಿದನು. ೧೮೭೧ ರಲ್ಲಿ ರೇಲೆಯು ಅದರ ನಿಯಮವನ್ನು ಗಣಿತದಿಂದ ಹೇಳಿದನು. ಬೆಳಕಿನ ಅಲೆಯ ಉದ್ದಕ್ಕಿಂತ ಬಹಳ ಕಿರಿದಾದ ಕಣವು ಅಲೆಯುದ್ದದ ನಾಲ್ಕನೆಯ ಘಾತದ ವಿಲೋಮದಲ್ಲಿ ಬೆಳಕನ್ನು ಚದರಿಸುವುದು. ನೀಲಿಯ ಅಲೆಯುದ್ದ ೦.೪೫, ಕೆಂಪಿನದು ೦.೬೫ ಮೈಕ್ರೋಮೀಟರು ಎಂದಿಟ್ಟುಕೊಂಡರೆ ನೀಲಿಯು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದರುವುದು. ನಮ್ಮ ದೇಶದ ಸಿ. ವಿ. ರಾಮನ್ನರು ೧೯೨೧ ರಲ್ಲಿ ವಿಲಾಯತಿಯ ಹಡಗಿನ ಪ್ರವಾಸದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದರಿಸುವುದರಿಂದ ಬಂದದ್ದೆಂದು ತೋರಿಸಿದರು. ಅದೇ ದಾರಿಯಲ್ಲಿ ನಡೆದ ಅವರ ಸಂಶೋಧನೆಯು ೧೯೨೮ ರ ರಾಮನ್ ಪರಿಣಾಮದಲ್ಲಿಯೂ ೧೯೩೦ ರ ನೊಬೆಲ್ ಪಾರಿತೋಷಕದಲ್ಲಿಯೂ ಫಲಿಸಿತೆಂಬುದು ಸರ್ವವಿದಿತ.

ಆದರೆ ಕಣವು ದೊಡ್ಡದಾಗಿ ಅಲೆಯುದ್ದಕ್ಕೆ ಸಮವಾಗುತ್ತ ಬಂದರೆ ನಿಯಮವು ಬದಲಾಗುವುದು. ಇದರ ಗಣಿತವನ್ನು ೧೯೦೮ ರಲ್ಲಿ ಗುಸ್ಟಾವ್ ಮೀ ಎಂಬಾತನು ಬಿಡಿಸಿದನು. ಅಂಥ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಸಮವಾಗಿ, ಅದರಲ್ಲಿಯೂ ಮುಂದಿನ ದಿಕ್ಕಿಗೇ ಹೆಚ್ಚಾಗಿ, ಚದರಿಸುವುದರಿಂದ ಆಕಾಶವು ಬಿಳಿಚಿಕೊಳ್ಳುವುದು. ಬೀಡಿಯ ತುದಿಯಿಂದೇಳುವ ಹೊಗೆಯು ನೀಲಿಯಾಗಿಯೂ, ಸೇದಿ ಬಿಟ್ಟ ಹೊಗೆಯು ಬಿಳಿಯಾಗಿಯೂ ಇರುವುದನ್ನು ಕಟ್ಟೆಯ ಮೇಲೆ ಕುಳಿತವರೆಲ್ಲರೂ ಕಂಡಿದ್ದಾರೆ. ಬಾಯೊಳಗಿನ ತೇವವನ್ನು ಹೀರಿ ಕಣಗಳು ದಪ್ಪವಾದುದೇ ಇದರ ಕಾರಣ.

ಇದರಿಂದ ಹಣ ಖರ್ಚಿಲ್ಲದ ಪರೀಕ್ಷೆಯೊಂದು ದೊರೆಯುವುದು. ಮನೆಯ ಮೂಲೆಯ ಮರೆಯಲ್ಲಿ ನಿಂತು ಸೂರ್ಯನ ಬಿಂಬವು ಪೂರ್ತಿ ಮರೆಯಾಗುವಂತೆ ಮಾಡಿಕೊಂಡು, ಅದರ ಸುತ್ತಣ ಆಕಾಶವನ್ನು ನೋಡಿರಿ. (ಸೂರ್ಯನನ್ನು ನೇರವಾಗಿ ಎಂದೂ ನೋಡಬಾರದು.) ಮರೆಯ ಅಂಚಿನವರೆಗೂ ನೀಲಿಯಿದ್ದರೆ ಗಾಳಿಯು ಶುದ್ಧ, ಸುತ್ತಲೂ ಬೆಳ್ಳನೆಯ ಪ್ರಭೆಯಿದ್ದರೆ ಕಣಗಳು ತುಂಬಿವೆ.

ಒಂದು ಸರಳ ಲೆಕ್ಕ

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಕಾಣುವ ಧೂಳು ಹೆಚ್ಚಿನದೋ, ಕಾಣದ ಕಣ ಹೆಚ್ಚಿನದೋ? ಒಂದು ಚದರ ಮೀಟರು ಬಾಯಿಯ, ಒಂದು ಕಿಲೋಮೀಟರು ಉದ್ದದ ಗಾಳಿಯ ಕೊಳವೆಯನ್ನು ಕಲ್ಪಿಸಿಕೊಳ್ಳಿರಿ. ಅದರಲ್ಲಿ ಸಾವಿರ ಘನ ಮೀಟರು ಗಾಳಿಯಿದೆ. ಘನ ಮೀಟರಿಗೆ ೧೦೦ ಮೈಕ್ರೋಗ್ರಾಮಿನಂತೆ ಕಣಗಳಿದ್ದರೆ ಒಟ್ಟಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು, ಅಂದರೆ ಒಂದು ಚಿಟಿಕೆಗಿಂತಲೂ ಕಡಿಮೆಯಾಯಿತು. ಸಲ್ಫೇಟಿನಂಥ ಸೂಕ್ಷ್ಮ ಕಣಗಳು ಒಂದು ಗ್ರಾಮಿಗೆ ಸುಮಾರು ೩ ಚದರ ಮೀಟರಿನಷ್ಟು ಬೆಳಕಿಗೆ ಅಡ್ಡಬರುವುವು. ಕಲ್ಲುಮಣ್ಣಿನ ದಪ್ಪ ಧೂಳು ಸುಮಾರು ಅರ್ಧ ಚದರ ಮೀಟರಿನಷ್ಟಕ್ಕೆ ಮಾತ್ರ ಅಡ್ಡಬರುವುದು. ಹೀಗಾಗಿ ಆ ಹತ್ತನೆಯ ಪಾಲು ಗ್ರಾಮು ಸೂಕ್ಷ್ಮ ಕಣಗಳದಾದರೆ ಕಿಲೋಮೀಟರಿಗೆ ೦.೩ ಭಾಗ, ದಪ್ಪ ಧೂಳಿನದಾದರೆ ೦.೦೫ ಭಾಗ ತಡೆಯುಂಟಾಗುವುದು.

ಕಣ್ಣಿಗೆ ಎಷ್ಟು ದೂರ ಕಾಣುವುದೆಂಬುದಕ್ಕೆ ಕೋಶ್ಮೀಡರ್ ಎಂಬಾತನು ೧೯೨೪ ರಲ್ಲಿ ಒಂದು ಸೂತ್ರವನ್ನು ಕೊಟ್ಟಿದ್ದಾನೆ. ೩.೯ ನ್ನು ಈ ತಡೆಯ ಸಂಖ್ಯೆಯಿಂದ ಭಾಗಿಸಿದರೆ ಕಾಣುವ ದೂರವು ಕಿಲೋಮೀಟರುಗಳಲ್ಲಿ ಬರುವುದು. ಸೂಕ್ಷ್ಮ ಕಣಗಳಿದ್ದಾಗ ಅದು ೧೩ ಕಿಲೋಮೀಟರು. ಅದೇ ತೂಕದ ದಪ್ಪ ಧೂಳಿದ್ದಾಗ, ಗಾಳಿಯ ಅಣುಗಳ ಪಾಲನ್ನು ಸೇರಿಸಿಯೂ, ಸುಮಾರು ೬೦ ಕಿಲೋಮೀಟರು! ತೂಕವು ಒಂದೇ, ಪರಿಣಾಮದಲ್ಲಿ ಇಷ್ಟು ಅಂತರ. ಎಲೆಯ ಮೇಲೆ ಬೆರಳಿಗೆ ಹತ್ತುವ ಧೂಳು ಸಮೀಪದ ನೆರೆಯವನು. ಸೂರ್ಯನನ್ನು ಮಂಕುಮಾಡುವುದು ಬೆರಳಿಗೆ ಹತ್ತದ ಹೊಗೆಯ ಮತ್ತು ಲವಣಗಳ ಕಣ.

ಚಳಿಗಾಲದ ಮುಂಜಾವಿನಲ್ಲಿ ಈ ಅಂತರವು ಇನ್ನೂ ಹೆಚ್ಚುವುದು. ಅಮೋನಿಯಂ ಸಲ್ಫೇಟು ಗಾಳಿಯ ಆರ್ದ್ರತೆಯು ನೂರಕ್ಕೆ ಎಂಬತ್ತನ್ನು ಮುಟ್ಟಿದೊಡನೆ ಮಳೆಗಾಲದ ಉಪ್ಪಿನಂತೆ ನೀರೊಡೆದು ಉಬ್ಬುವುದು. ಉಬ್ಬಿದ ಕಣವು ಎರಡು ಮೂರು ಪಟ್ಟು ಹೆಚ್ಚು ಬೆಳಕನ್ನು ಚದರಿಸುವುದರಿಂದ ೧೩ ಕಿಲೋಮೀಟರಿನ ನೋಟವು ಐದಾರು ಕಿಲೋಮೀಟರಿಗೆ ಇಳಿಯುವುದು. ಇದಲ್ಲದೆ ಚಳಿಗಾಲದ ರಾತ್ರಿ ನೆಲವು ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿಯು ಮೇಲೇಳದೆ ಮುಚ್ಚಳ ಹಾಕಿದಂತೆ ನಿಲ್ಲುವುದು. ಸಂಜೆಯಲ್ಲಿ ರವದಿಗೆ ಬೆಂಕಿಯಿಟ್ಟರೆ ಹೊಗೆಯು ಬೆಳಗಿನವರೆಗೂ ಊರ ಮೇಲೆಯೇ ಕವಿದಿರುವುದು.

ಬೆಳೆಗೂ ಜನರಿಗೂ ಆಗುವ ಪರಿಣಾಮ

ತೇಲುಕಣಗಳೆಲ್ಲ ಕೆಡುಕೇ ಎಂದು ತಿಳಿಯಬಾರದು. ಕಣವಿಲ್ಲದೆ ಮೋಡದ ಹನಿ ಕಟ್ಟದು. ಆವಿಗೆ ನೀರಾಗಿ ಕೂಡಲು ಒಂದು ಆಧಾರ ಬೇಕು. ೨೦೧೭ ರಲ್ಲಿ ನಮ್ಮ ರಾಜ್ಯವು ನಡೆಯಿಸಿದ ‘ವರ್ಷಧಾರೆ’ ಎಂಬ ಮೋಡಬಿತ್ತನೆಯ ಯೋಜನೆಯೂ ಇದೇ ತತ್ವವನ್ನು ಆಧರಿಸಿದ್ದು. ಆದರೆ ಕಣಗಳು ಮಿತಿಮೀರಿದರೆ ಇದ್ದ ನೀರು ಅತಿ ಸಣ್ಣ ಹನಿಗಳಾಗಿ ಹಂಚಿಹೋಗಿ, ಅವು ಮಳೆಯಾಗಿ ಬೀಳುವಷ್ಟು ಬೇಗ ದಪ್ಪವಾಗುವುದಿಲ್ಲ. ಹಾಗೆಯೇ, ಚದರಿದ ಬೆಳಕು ಎಲ್ಲ ದಿಕ್ಕುಗಳಿಂದಲೂ ಬರುವುದರಿಂದ ಗಿಡದ ಕೆಳಗಿನ ನೆರಳೆಲೆಗಳಿಗೂ ತುಸು ಬೆಳಕು ಸಿಗುವುದುಂಟು. ಆದರೆ ಮಬ್ಬು ದಟ್ಟವಾದಂತೆ ಒಟ್ಟು ಬೆಳಕೇ ಕಡಿಮೆಯಾಗಿ, ಈ ಸಣ್ಣ ಲಾಭವನ್ನು ನಷ್ಟವು ನುಂಗಿಬಿಡುವುದು.

೧೯೯೧ ರ ಜೂನದಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿಯು ಸಿಡಿದು ಸುಮಾರು ಎರಡು ಕೋಟಿ ಟನ್ನು ಗಂಧಕದ ಅನಿಲವನ್ನು ಎತ್ತರಕ್ಕೆ ಎಸೆದಾಗ, ಅದರಿಂದಾದ ಸಲ್ಫೇಟಿನ ಕಣಗಳು ಬಿಸಿಲನ್ನು ಚದರಿಸಿ ಭೂಮಿಯ ಸರಾಸರಿ ಉಷ್ಣತೆಯನ್ನು ಸುಮಾರು ಅರ್ಧ ಡಿಗ್ರಿಯಷ್ಟು ಇಳಿಸಿದವು. ಇದು ಪ್ರಕೃತಿಯ ಕಾರ್ಯ. ಮನುಷ್ಯನ ಕಾರ್ಯವು ೧೯೯೯ ರಲ್ಲಿ ಹಿಂದೂ ಮಹಾಸಾಗರದ ಮೇಲೆ ಅನೇಕ ದೇಶಗಳ ಶಾಸ್ತ್ರಜ್ಞರು ಕೂಡಿ ನಡೆಸಿದ ‘ಇಂಡೋಎಕ್ಸ್’ ಪರಿಶೀಲನೆಯಲ್ಲಿ ಕಂಡುಬಂದಿತು. ಹೊಗೆ, ಸಲ್ಫೇಟು, ಕಪ್ಪು ಇಂಗಾಲಗಳ ಕಂದು ಮಬ್ಬು ಸಾಗರದ ಉತ್ತರಭಾಗವನ್ನೆಲ್ಲ ಆವರಿಸಿತ್ತು. ಇತರ ಕಣಗಳು ಬೆಳಕನ್ನು ಚದರಿಸಿದರೆ ಕಪ್ಪು ಇಂಗಾಲವು ಅದನ್ನು ಹೀರುವುದು. ನೆಲಕ್ಕೆ ಬೆಳಕು ತಪ್ಪುವುದು, ಮೇಲಿನ ಗಾಳಿಯು ಕಾಯುವುದು. ಆ ಪರಿಶೀಲನೆಯ ಮುಂದಾಳುಗಳಲ್ಲೊಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರೂ ಆದ ವಿ. ರಾಮನಾಥನ್ನರು ಇತರರೊಡನೆ ೨೦೦೬ ರಲ್ಲಿ ಪ್ರಕಟಿಸಿದ ಪ್ರಬಂಧವು, ಇಂಥ ಮಬ್ಬು ಮತ್ತು ಭೂಮಿಯ ಕಾವಿನ ಹೆಚ್ಚಳಗಳು ಕೂಡಿ ಭಾರತದ ಭತ್ತದ ಫಸಲನ್ನು ಕುಗ್ಗಿಸಿವೆಯೆಂದು ತೋರಿಸಿತು.

ದಪ್ಪ ಧೂಳಿನ ಹಾವಳಿಯು ಬೇರೆ ತೆರನಾದದ್ದು. ಅದು ಎಲೆಯ ಮೇಲೆ ಕುಳಿತು ಬೆಳಕನ್ನು ತಡೆಯುವುದು, ಉಸಿರಾಟದ ರಂಧ್ರಗಳನ್ನು ಮುಚ್ಚುವುದು. ನುಸಿಯನ್ನು ತಿನ್ನುವ ಉಪಕಾರಿ ಕೀಟಗಳು ಧೂಳಿದ್ದಲ್ಲಿ ನಿಲ್ಲಲಾರವಾದ್ದರಿಂದ ನುಸಿಯು ಹೆಚ್ಚುವುದು. ಸಿಮೆಂಟಿನ ಹುಡಿಯಾದರೆ ಇಬ್ಬನಿಯಲ್ಲಿ ನೆನೆದು ಎಲೆಯ ಮೇಲೆ ಹೆಕ್ಕಳಗಟ್ಟುವುದು.

ಎಲ್ಲಕ್ಕಿಂತ ಮಿಗಿಲಾದ ಮಾತು ಜನರ ಆರೋಗ್ಯದ್ದು. ಬೆಣಚುಕಲ್ಲಿನ ಅತಿ ಸಣ್ಣ ಹುಡಿಯು ಪುಪ್ಪುಸದ ಆಳಕ್ಕಿಳಿದು ಅಲ್ಲಿ ಗಾಯದ ಕಲೆಗಳನ್ನುಂಟುಮಾಡುವುದು. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ. ಇದುಳ್ಳವರಿಗೆ ಕ್ಷಯವೂ ಬೇಗ ತಗಲುವುದು. ಬೇಸಗೆಯಲ್ಲಿ ಹೊಲದ ಕೆಲಸವಿಲ್ಲದೆ ಗಣಿಗೂ ಕ್ರಷರಿಗೂ ಕೂಲಿಗೆ ಹೋಗುವವರು ನಮ್ಮ ಒಕ್ಕಲು ಮಕ್ಕಳೇ ಅಲ್ಲವೇ?

ಆ ತೋಟದ ಪರೀಕ್ಷೆ

ತಕರಾರಿನ ತೋಟದಲ್ಲಿ ನಾನು ಕೈಕೊಂಡ ಪರೀಕ್ಷೆಯು ಸುಲಭವಾದದ್ದು. ಯಾವ ಹಳ್ಳಿಯಲ್ಲಿಯೂ ಮಾಡಬಹುದಾದದ್ದು. ಮೂರು ಬಿಳಿಯ ತಾಟುಗಳಲ್ಲಿ ನೀರು ತುಂಬಿ, ಒಂದನ್ನು ಕ್ರಷರಿನ ಕಡೆಯ ಅಂಚಿನಲ್ಲಿ, ಒಂದನ್ನು ರಸ್ತೆಯ ಅಂಚಿನಲ್ಲಿ, ಒಂದನ್ನು ತೋಟದ ನಡುವೆ, ಎದೆಮಟ್ಟದ ಗೂಟಗಳ ಮೇಲೆ ಇರಿಸಿದೆವು. ಆರಿದ ನೀರನ್ನು ತುಂಬುತ್ತ ಎಂಟು ದಿವಸ ಬಿಟ್ಟು, ತಳದಲ್ಲಿ ನಿಂತ ಹುಡಿಯನ್ನು ಒಣಗಿಸಿ ಭೂತಗನ್ನಡಿಯಿಂದ ನೋಡಿದೆವು. ಮೇಲೆ ಲಿಂಬೆಯ ಹುಳಿಯನ್ನು ಹಿಂಡಿದೆವು. ಗ್ರಾನೈಟಿನ ಹುಡಿಯು ನೊರೆಯೇಳದು, ಸುಣ್ಣವುಳ್ಳದ್ದು ನೊರೆಯೇಳುವುದು. ಎರೆಮಣ್ಣಿನಲ್ಲಿಯೂ ಸುಣ್ಣವಿರುವುದರಿಂದ ನೊರೆಯನ್ನು ಕಂಡೊಡನೆ ಸಿಮೆಂಟೆಂದು ನಿರ್ಣಯಿಸಬಾರದು. ಅದಕ್ಕಾಗಿ ಅರಿಷಿಣದ ನೀರಿನಲ್ಲಿ ಅದ್ದಿದ ಕಾಗದವನ್ನು ಮುಟ್ಟಿಸಬೇಕು. ಅರಿಷಿಣಕ್ಕೆ ಸುಣ್ಣ ಕೂಡಿದರೆ ಕುಂಕುಮವಾಗುವುದೆಂಬುದು ನಮ್ಮ ಹೆಣ್ಣುಮಕ್ಕಳಿಗೆ ತಿಳಿದದ್ದೇ. ಸುಟ್ಟ ಸುಣ್ಣ, ಸಿಮೆಂಟುಗಳು ಕಾಗದವನ್ನು ಚೆನ್ನಾಗಿ ಕೆಂಪಾಗಿಸುವುವು. ಎರೆಮಣ್ಣು ಅಷ್ಟಾಗಿ ಕೆಂಪಾಗಿಸದು.

ಫಲವೇನಾಯಿತು? ಕ್ರಷರಿನ ಕಡೆಯ ತಾಟಿನಲ್ಲಿ ಚೂಪಾದ ಹೊಳೆಯುವ ಹರಳುಗಳು ಹೆಚ್ಚಾಗಿದ್ದು ನೊರೆಯು ಏಳಲಿಲ್ಲ. ರಸ್ತೆಯ ಕಡೆಯದರಲ್ಲಿ ಕಪ್ಪು ಮೆತ್ತನೆಯ ಹುಡಿಯಿದ್ದು ನೊರೆಯೆದ್ದಿತು, ಕಾಗದವು ಕೆಂಪಾಗಲಿಲ್ಲ. ಅದು ಎರೆಯ ರಸ್ತೆಯ ಧೂಳು. ನಡುವಿನದರಲ್ಲಿ ಇವೆರಡರ ಜೊತೆಗೆ ಮಸಿಯ ಎಸಳುಗಳೂ ತೇಲುತ್ತಿದ್ದುವು. ಕ್ರಷರಿನವರು ತಮ್ಮ ಪಾಲನ್ನು ಅಲ್ಲಗಳೆಯದಾದರು. ಒಕ್ಕಲಿಗರೂ ತಮ್ಮ ಟ್ರ್ಯಾಕ್ಟರು ದಿನಕ್ಕೆ ನಾಲ್ಕು ಸಲ ಓಡಾಡುವ ರಸ್ತೆಯ ಪಾಲನ್ನು ಒಪ್ಪಿಕೊಂಡರು. ಮಸಿಯು ಯಾರದೆಂದು ಕೇಳಿದಾಗ ಅವರು ನಕ್ಕು, “ಅದು ನಮ್ಮ ತಮ್ಮನ ಕಬ್ಬಿನ ಹೊಲದ್ದರಿ” ಎಂದರು.

ಕ್ರಷರಿನವರು ಕಲ್ಲು ಬೀಳುವಲ್ಲಿ ನೀರು ಚಿಮುಕಿಸುವ ಕೊಳವೆಗಳನ್ನು ಹಾಕಿ, ಜಲ್ಲಿ ಸಾಗುವ ಪಟ್ಟಿಯ ಮೇಲೆ ತಗಡು ಹೊದಿಸಿದರು. ಒಕ್ಕಲಿಗರು ಎರಡು ಬದಿಗೆ ಗ್ಲಿರಿಸಿಡಿಯದ ಬೇಲಿಯನ್ನೂ ಅದರ ಹಿಂದೆ ಬೇವು, ಹೊಂಗೆಗಳ ಸಾಲನ್ನೂ ಹಚ್ಚಿದರು. ಮರುವರ್ಷ ಎಲೆಗಳು ಹಸುರಾದುವು, ನುಸಿಯು ಇಳಿಯಿತು. ಹೋದ ವರ್ಷದ ಹೂವಿನ ನಷ್ಟವನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ. ಅವರ ಸಾಲದ ಒಂದು ಕಂತು ಹಿಂದೆ ಬಿದ್ದಿತು. ಮೊದಲೇ ಪರೀಕ್ಷಿಸಿದ್ದರೆ ಅದೂ ತಪ್ಪುತ್ತಿತ್ತೆಂದು ನನಗೆ ಅನಿಸುತ್ತದೆ.

ಒಕ್ಕಲಿಗರು ಮಾಡತಕ್ಕ ಕಾರ್ಯಗಳು

೧. ಕಬ್ಬಿನ ರವದಿಯನ್ನು ಸುಡಬಾರದು. ಎಕರೆಗೆ ಸುಮಾರು ಮೂರು ಟನ್ನು ರವದಿಯು ದೊರೆಯುವುದು. ಟನ್ನಿಗೆ ನಾಲ್ಕು ಕಿಲೋದಂತೆ ಅದರಲ್ಲಿ ಹನ್ನೆರಡು ಕಿಲೋ ಸಾರಜನಕವಿರುವುದು. ಇದು ಇಪ್ಪತ್ತಾರು ಕಿಲೋ ಯೂರಿಯಾಕ್ಕೆ ಸಮ. ಸುಟ್ಟರೆ ಇದರ ಬಹುಭಾಗವು ಹೊಗೆಯಾಗುವುದು. ಕುಳೆಯ ಸಾಲುಗಳ ನಡುವೆ ಹಾಸಿದರೆ ತೇವವೂ ನಿಂತು, ಕಳೆಯೂ ಅಡಗಿ, ಕೊಳೆತು ಗೊಬ್ಬರವಾಗುವುದು.

೨. ಯೂರಿಯಾವನ್ನು ಒಣನೆಲದ ಮೇಲೆ ಚೆಲ್ಲಿ ಬಿಡಬಾರದು. ಕ್ಷಾರಗುಣದ ಎರೆಭೂಮಿಯಲ್ಲಿ ಹಾಗೆ ಚೆಲ್ಲಿದ ಸಾರಜನಕದ ಐದನೆಯ ಒಂದು ಪಾಲು ಅಮೋನಿಯವಾಗಿ ಹಾರಿಹೋಗುವುದುಂಟು. ಅಂದರೆ ೪೫ ಕಿಲೋದ ಚೀಲದಲ್ಲಿ ಒಂಬತ್ತು ಕಿಲೋ ಗಾಳಿಗೆ ಹೋಯಿತು. ಎಡೆಕುಂಟೆಯಿಂದ ಮಣ್ಣಿನಲ್ಲಿ ಬೆರೆಯಿಸಬೇಕು, ಇಲ್ಲವೆ ಕೂಡಲೇ ನೀರು ಹಾಯಿಸಬೇಕು.

೩. ಬೇಸಗೆಯಲ್ಲಿ ಹೊಲವನ್ನು ಹಿಟ್ಟಿನಂತೆ ಹರಗಬಾರದು. ಹೆಂಟೆಗಳೂ ಜೋಳದ ಕೂಳೆಗಳೂ ನಿಂತಿದ್ದರೆ ಗಾಳಿಯು ಹುಡಿಯನ್ನೆತ್ತಲಾರದು. ನೀರಿಗಾಗಿ ಕಟ್ಟಿದ ಒಡ್ಡುಗಳ ಮೇಲೆ ಹುಲ್ಲನ್ನೂ ಗಿಡಗಳನ್ನೂ ಬೆಳೆಸಿದರೆ ಅವು ಗಾಳಿಗೂ ಒಡ್ಡಾಗುವುವು.

೪. ಮುಂಗಾರಿಯ ಗಾಳಿ ಪಡುವಣದಿಂದಲೂ ಹಿಂಗಾರಿಯ ಗಾಳಿ ಮೂಡಣದಿಂದಲೂ ಬೀಸುವುದಾದ್ದರಿಂದ ತೋಟಕ್ಕೆ ಎರಡೂ ಬದಿಗೆ ಮರದ ಸಾಲುಗಳು ಬೇಕು. ಕೆಳಗೆ ದಟ್ಟವಾದ ಬೇಲಿ, ಮೇಲೆ ಎತ್ತರದ ಮರ ಎಂಬ ಎರಡು ಅಂತಸ್ತು ಉತ್ತಮ.

೫. ಧೂಳು ಕುಳಿತ 연ಗಿಡಗಳಿಗೆ ಮುಂಜಾನೆ ಬರಿಯ ನೀರನ್ನು ಸಿಂಪಡಿಸಿ ಎಲೆಯನ್ನು ತೊಳೆಯಬೇಕು.

೬. ಗಣಿ ಕ್ರಷರುಗಳಲ್ಲಿ ದುಡಿಯುವವರು ನೀರು ಹಾಯಿಸದೆ ಕಲ್ಲು ಕೊರೆಯಲು ಒಪ್ಪಬಾರದು. ಬರಿಯ ಅರಿವೆಯ ಮುಸುಕು ಸೂಕ್ಷ್ಮ ಹುಡಿಯನ್ನು ತಡೆಯಲಾರದು. ತಕ್ಕ ಮುಖಕವಚವನ್ನು ಕೇಳಿ ಪಡೆಯಬೇಕು. ಜಲ್ಲಿ ಕ್ರಷರುಗಳ ನಿಯಂತ್ರಣಕ್ಕಾಗಿ ರಾಜ್ಯವು ೨೦೧೧ ರಲ್ಲಿ ಕಾಯಿದೆಯನ್ನು ಮಾಡಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರನ್ನು ಸಲ್ಲಿಸಬಹುದು. ದೂರಿನೊಡನೆ ತಾಟಿನ ಪರೀಕ್ಷೆಯ ಫಲವನ್ನೂ ತಾರೀಖನ್ನೂ ಬರೆದಿಟ್ಟುಕೊಂಡರೆ ಮಾತಿಗೆ ಬಲ ಬರುವುದು.

೭. ಪ್ರತಿ ಶಾಲೆಯಲ್ಲಿಯೂ ನೋಟದ ದೂರದ ಪುಸ್ತಕವೊಂದನ್ನು ಇಡುವುದು ಲೇಸು. ಊರಿನಿಂದ ಕಾಣುವ ಗುಡಿಯ ಶಿಖರ, ಗುಡ್ಡ, ಮರಗಳ ದೂರವನ್ನು ಗೊತ್ತುಮಾಡಿಕೊಂಡು, ದಿನವೂ ಒಂದೇ ಹೊತ್ತಿಗೆ ಯಾವುದರವರೆಗೆ ಕಾಣುವುದೆಂದು ಮಕ್ಕಳು ಬರೆಯಲಿ. ೩.೯ ನ್ನು ಆ ದೂರದಿಂದ ಭಾಗಿಸಿದರೆ ಅಂದಿನ ಗಾಳಿಯ ತಡೆಯು ಸರಿಸುಮಾರಾಗಿ ತಿಳಿಯುವುದು. ರವದಿ ಸುಡುವ ತಿಂಗಳಿಗೂ ಮಳೆ ತೊಳೆದ ತಿಂಗಳಿಗೂ ಇರುವ ಅಂತರವನ್ನು ಮಕ್ಕಳೇ ಹಿರಿಯರಿಗೆ ತೋರಿಸುವರು.

ಮಳೆಯು ಹೊಯ್ದು ನಿಂತ ಮರುದಿನ ಬಾದಾಮಿಯ ಗುಡ್ಡವನ್ನೇರಿ ನೋಡಿದವರಿಗೆ, ದೂರದೂರದ ಹೊಲಗಳ ಬದುಗಳೂ ಮರಗಳೂ ಕೈಗೆಟಕುವಂತೆ ಕಾಣುವ ನೋಟವು ಪರಿಚಿತವಾದದ್ದು. ಅದೇ ಗುಡ್ಡದಿಂದ ಮಾಗಿಯ ಮುಂಜಾನೆ ನೋಡಿದರೆ ಬೆಳ್ಳನೆಯ ಪರದೆಯ ಹೊರತು ಮತ್ತೇನೂ ಕಾಣದು. ಆ ಪರದೆಯಲ್ಲಿ ನೆಲದ ಹುಡಿಯಿದೆ, ಕಲ್ಲಿನ ಹುಡಿಯಿದೆ, ನಾವು ಹಣಕೊಟ್ಟು ತಂದ ಗೊಬ್ಬರವಿದೆ, ನಾವೇ ಸುಟ್ಟ ರವದಿಯೂ ಇದೆ. ಬೇರೆಯವರ ಪಾಲನ್ನು ಕಾಯಿದೆಯಿಂದ ಕೇಳೋಣ. ನಮ್ಮ ಪಾಲನ್ನು ನಾವೇ ಕಡಿಮೆಮಾಡೋಣ. ತಾಟಿನ ಪರೀಕ್ಷೆಯನ್ನು ಮಾಡಬಯಸುವ ಒಕ್ಕಲಿಗ ಬಂಧುಗಳು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ತಕ್ಕ ಸಹಾಯವನ್ನು ಸಂತೋಷದಿಂದ ಮಾಡಲಾಗುವುದು.